ಸಂಬಳವಿಲ್ಲದ ಅಧ್ಯಕ್ಷಗಿರಿ: ವಿಕಲಚೇತನರ ಸಂಘ ನಡೆಸಿದ ನನ್ನ ಅನುಭವ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಯಾರಿಗೂ ಸಂಬಳ ಇಲ್ಲ. ಅಧ್ಯಕ್ಷರಿಗೂ ಇಲ್ಲ, ಕಾರ್ಯದರ್ಶಿಗೂ ಇಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವವರು ಒಬ್ಬರಿದ್ದಾರೆ. ಕಣ್ಣು ಕಾಣದ ಹೈಸ್ಕೂಲ್ ಮಾಸ್ತರರು ಒಬ್ಬರು, ಇಳಕಲ್ಲಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರು ಒಬ್ಬರು, ಬೌದ್ಧಿಕ ವಿಕಲತೆ ಇರುವ ಮಕ್ಕಳ ತಾಯಂದಿರು ಇಬ್ಬರು. ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಪತ್ತಿನ ಸಹಕಾರಿ ಸಂಘದ ಕ್ಲರ್ಕ್. ಚಿಕ್ಕವಳಿದ್ದಾಗ ಪೋಲಿಯೊ ಆಗಿ, ಬಲಗಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಹಾಕಿಕೊಂಡು ಓಡಾಡುತ್ತೇನೆ. ಎಲ್ಲರೂ ಹೊಟ್ಟೆಪಾಡಿನ ಕೆಲಸ ಮುಗಿಸಿ ಸಂಜೆಯೋ ಭಾನುವಾರವೋ ಸಂಘಕ್ಕೆ ಬರುವವರೇ.

ಕೆಲವು ವರ್ಷ ನಾನು ಇದರ ಅಧ್ಯಕ್ಷೆಯಾಗಿದ್ದೆ. ಹೊಸದಾಗಿ ಸಂಘ ಕಟ್ಟುವವರು ಫೋನ್ ಮಾಡಿ "ಹೆಂಗ ನಡೆಸ್ತೀರಿ ಅಕ್ಕಾರ?" ಅಂತ ಕೇಳುತ್ತಾರೆ. ನೋಂದಣಿ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು, ಬೈಲಾ ಅಂದರೆ ಸಂಘದ ನಿಯಮಾವಳಿ ಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ ಸಮಿತಿಯ ಪಟ್ಟಿ, ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ಅದನ್ನು ಯಾವ ಆಡಿಟರ್ ಕೇಳಿದರೂ ಹೇಳಿಕೊಡುತ್ತಾರೆ. ಕಷ್ಟದ ಪ್ರಶ್ನೆ ಬೇರೆ ಇದೆ. ಸಂಬಳವಿಲ್ಲದ ಮುಂದಾಳುಗಳಿಗೆ ಇರುವುದು ಸ್ವಲ್ಪವೇ ಹೊತ್ತು. ಅದನ್ನು ಯಾವುದಕ್ಕೆ ಕೊಡಬೇಕು?

ಬಾಗಲಕೋಟೆಯವರಿಗೆ ಅರ್ಜಿ ಹಿಡಿದು ಕಚೇರಿ ಸುತ್ತುವುದು ಹೊಸದಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಹೋದವರು ಪರಿಹಾರಕ್ಕಾಗಿ ಅಲೆದ ಕಥೆ ಇಲ್ಲಿ ಓಣಿ ಓಣಿಯಲ್ಲೂ ಇದೆ. ಹಾಗಾಗಿ ನಮ್ಮವರು ಯಾರಾದರೂ ಸಾಹೇಬರ ಹತ್ತಿರ ಒಂದು ಮಾತು ಹೇಳಿದರೆ ಕೆಲಸ ಆಗುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ನಮ್ಮ ಸಂಘಕ್ಕೂ ಜನ ಹಾಗೇ ಬರುತ್ತಿದ್ದರು. "ಮಾಸಾಶನ ನಿಂತೈತ್ರಿ, ನೀವ ಒಂದ್ ಫೋನ್ ಮಾಡ್ರಿ." ಫೋನ್ ಮಾಡಿದರೆ ಕೆಲವು ಸಲ ಕೆಲಸ ಆಗುತ್ತಿತ್ತು. ಆ ಮನೆಯವರ ಮುಖದ ಮೇಲಿನ ಸಮಾಧಾನ ನೋಡಿದರೆ ನಮಗೂ ಹೊಟ್ಟೆ ತುಂಬಿದಂತೆ ಅನ್ನಿಸುತ್ತಿತ್ತು. ಆದರೆ ಮುಂದಿನ ವಾರ ಇನ್ನೊಂದು ಊರಿನಿಂದ ಇನ್ನೊಬ್ಬರು ಅದೇ ತಕರಾರು ಹಿಡಿದು ಬರುತ್ತಿದ್ದರು.

ಆಗ ಸಮಿತಿಯಲ್ಲಿ ಕೂತು ಎರಡು ಪದ್ಧತಿ ಮಾಡಿಕೊಂಡೆವು. ಒಂದು, ಕಚೇರಿಗೆ ಹೋಗುವಾಗ ಯಾರ ಕೆಲಸವೋ ಅವರೇ ಬರಬೇಕು, ಅವರೇ ಮಾತಾಡಬೇಕು. ನಾವು ಪಕ್ಕದಲ್ಲಿ ಕೂರುತ್ತೇವೆ. ಇನ್ನೊಂದು, ಬಂದ ಪ್ರತಿ ತಕರಾರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಯಾವ ಊರು, ಯಾವ ಟೇಬಲ್ಲಿನಲ್ಲಿ ನಿಂತಿದೆ, ಏನು ಕಾರಣ ಕೊಟ್ಟರು, ಎಲ್ಲವೂ.

ಆ ರಿಜಿಸ್ಟರ್ ನಮ್ಮ ಕಣ್ಣು ತೆರೆಸಿತು. ಬೇರೆ ಬೇರೆ ಊರಿನವರ ಮಾಸಾಶನ ನಿಂತಿದ್ದಕ್ಕೆ ಕಾರಣ ಬಹುಪಾಲು ಒಂದೇ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಯಾಕೆ ಆಗಿಲ್ಲ ಅಂತ ಕೇಳುತ್ತಾ ಹೋದರೆ, ಕೆಲವರ ಕೈಬೆರಳು ಮಡಚಿಕೊಂಡಿವೆ, ಕುಷ್ಠ ವಾಸಿಯಾದ ಕೆಲವರ ಬೆರಳ ಗುರುತೇ ಸವೆದಿದೆ. ಯಂತ್ರ ಹೆಬ್ಬೆಟ್ಟು ತಗೊಳ್ಳುವುದಿಲ್ಲ, ಕೂತವರು "ಆಗಂಗಿಲ್ರಿ" ಅಂತ ಕಳಿಸುತ್ತಾರೆ. ಬೆರಳ ಗುರುತು ಕೊಡಲಾಗದವರಿಗೆ ಆಧಾರ್‌ನಲ್ಲಿ ವಿನಾಯಿತಿಯ ದಾರಿ ಇದೆ. ಅದು ಆ ಕೌಂಟರಿನಲ್ಲಿ ಕೂತವರಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರಿಗಾಗಿ ಫೋನ್ ಮಾಡುವುದನ್ನು ಬಿಟ್ಟು, ಬ್ಯಾಂಕಿನವರು, ಆಧಾರ್‌ನವರು, ಕಂದಾಯ ಇಲಾಖೆಯವರು ಮೂವರೂ ಒಂದೇ ಕಡೆ ಕೂರುವ ಶಿಬಿರ ಮಾಡಿಸಿ ಅಂತ ಲಿಖಿತವಾಗಿ ಕೇಳಿದೆವು. ಜೊತೆಗೆ ರಿಜಿಸ್ಟರಿನ ಪಟ್ಟಿ ಇಟ್ಟೆವು. ಪಟ್ಟಿ ಇದ್ದದ್ದಕ್ಕೇ ಆ ಪತ್ರಕ್ಕೆ ಬೆಲೆ ಬಂತು ಅಂತ ನನ್ನ ಅಭಿಪ್ರಾಯ.

ಇನ್ನು ನಮ್ಮದೇ ಸಭೆಯ ವಿಷಯ. ಊರಿನವರನ್ನು ಕೇಳುವ ಮೊದಲು ನಮ್ಮ ಸಭೆಗೆ ನಮ್ಮ ಸದಸ್ಯರೇ ಬರಲು ಆಗಬೇಕು, ಅಲ್ವಾ? ಕೆಳಮಹಡಿಯ ಕೋಣೆ ಬೇಕೇ ಬೇಕು. ಪಾಯಖಾನೆ ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಬೇಕು. ಬಸ್ಸಿಗೆ ವಿಕಲಚೇತನರ ರಿಯಾಯಿತಿ ಪಾಸ್ ಇದೆ, ಹೆಣ್ಣುಮಕ್ಕಳಿಗೆ 2023ರಿಂದ ಶಕ್ತಿ ಯೋಜನೆ ಇದೆ. ಆದರೆ ಬಸ್ ಸ್ಟ್ಯಾಂಡಿನಿಂದ ಆಟೊ ಯಾರು ಕೊಡಬೇಕು? ಜೊತೆಗೆ ಬರುವ ತಮ್ಮನ ಟಿಕೆಟ್ ಯಾರು ಕೊಡಬೇಕು? ಸ್ವಯಂಸೇವೆ ಅಂದರೆ ಕೈಯಿಂದ ಹಾಕುವುದು ಅಂತಾದರೆ, ಕೈಯಲ್ಲಿ ದುಡ್ಡಿದ್ದವರು ಮಾತ್ರ ಮುಂದಾಳುಗಳಾಗುತ್ತಾರೆ. ಅದಕ್ಕೆ ನಾವು ಬಜೆಟ್ಟಿನಲ್ಲಿ ಮೊದಲ ಸಾಲಿಗೇ ಪ್ರಯಾಣ ವೆಚ್ಚ ಬರೆಯುತ್ತೇವೆ. ಶಾಲು, ಹಾರ, ಫಲಕಗಳ ಖರ್ಚು ಕೊನೆಯ ಸಾಲಿಗೆ. ಅದರಲ್ಲಿ ಹಾರ ಈಗ ಇಲ್ಲವೇ ಇಲ್ಲ.

ಕಾಗದದ್ದೂ ಹಾಗೇ. ಇಲಾಖೆಯಿಂದ ಬಂದ ಆದೇಶವನ್ನು ಫೋಟೊ ಹೊಡೆದು ಗ್ರೂಪಿಗೆ ಹಾಕಿದರೆ ಮಾಸ್ತರರ ಮೊಬೈಲ್ ಅದನ್ನು ಸರಿಯಾಗಿ ಓದುವುದಿಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಇನ್ನೂ ಕಷ್ಟ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವೆ. ಎಲ್ಲ ಮೊಬೈಲ್‌ಗೂ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ ಕಳಿಸಿದರೆ ಮೊಬೈಲೇ ಕನ್ನಡದಲ್ಲಿ ಓದಿ ಹೇಳುತ್ತದೆ. ಇಳಕಲ್ಲಿನ ಝೆರಾಕ್ಸ್ ಅಂಗಡಿಯವರು ಆ ಕೆಲಸ ವಹಿಸಿಕೊಂಡರು. ಸಭೆಯ ಅಜೆಂಡಾ, ಲೆಕ್ಕ, ಪತ್ರ ಎಲ್ಲವೂ ಮೊದಲೇ ಯೂನಿಕೋಡಿನಲ್ಲಿ ಹೋಗಲು ಶುರುವಾಯಿತು. ಅದಾದ ಮೇಲಿನ ಮೊದಲ ಸಭೆಯಲ್ಲಿಯೇ ಮಾಸ್ತರರು ಎದ್ದು "ಶಾಮಿಯಾನಾ ಬಾಡಿಗೆ ಎರಡ ಕಡೆ ಬಂದೈತಲ್ರಿ, ಯಾಕ್ರಿ?" ಅಂತ ಕೇಳಿದರು. ಕಣ್ಣಿದ್ದ ನಾವ್ಯಾರೂ ಅದನ್ನು ನೋಡಿರಲಿಲ್ಲ. ಅಲ್ಲಿಯವರೆಗೆ ಲೆಕ್ಕದ ವಿಷಯ ಬಂದಾಗ ಅವರು ಸುಮ್ನೆ ಕೂರುತ್ತಿದ್ದರು. ಓದಲು ಸಿಗದ ಕಾಗದದ ಮೇಲೆ ಯಾರಾದರೂ ಏನು ಮಾತಾಡುತ್ತಾರೆ?

ಕಾಯ್ದೆಯನ್ನು ಎಲ್ಲರೂ ಓದಿದೆವು. ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಳೇ 1995ರ ಕಾಯ್ದೆಯಲ್ಲಿ 7 ಬಗೆಯ ವಿಕಲತೆ ಇತ್ತು, ಇದರಲ್ಲಿ 21. ಸರ್ಕಾರಿ ನೌಕರಿಯಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ. ಇವು ಎಲ್ಲರ ಬಾಯಲ್ಲೂ ಇವೆ. ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 45ನೇ ಕಲಂ. ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ 5 ವರ್ಷದೊಳಗೆ ಎಲ್ಲರೂ ಒಳಗೆ ಹೋಗುವಂತೆ ಮಾಡಬೇಕು ಅನ್ನುತ್ತದೆ ಅದು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದು ಹೋಗಿದೆ.

ಇದನ್ನು ಹಿಡಿದೇ ಹುನಗುಂದ ತಾಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಗಾಲಿಕುರ್ಚಿ ಏರುವ ಇಳಿಜಾರು ದಾರಿ, ಅಂದರೆ ರ‍್ಯಾಂಪ್ ಕೇಳಿದೆವು. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ತೆಗೆದಿಡಬೇಕಾದ ಶೇ 5ರ ಹಣದಲ್ಲಿ ಮಾಡುತ್ತೇವೆ ಅಂದರು. ಅದಕ್ಕೂ ನಮ್ಮ ತಕರಾರು ಇತ್ತು. ಕಟ್ಟಡ ಸರಿಮಾಡುವುದು ಪಂಚಾಯಿತಿಯದೇ ಕರ್ತವ್ಯ, ಆ ಶೇ 5 ಜನರ ಕೈಗೆ ತಲುಪಬೇಕಾದ ಹಣ. ಅದು ಬೇರೆ ಜಗಳ, ಇನ್ನೂ ನಡೆದಿದೆ. ಅಂತೂ ರ‍್ಯಾಂಪ್ ಆಯಿತು ಅಂತ ವಾಟ್ಸ್ಆಪ್‌ಗೆ ಫೋಟೊ ಬಂತು. ಟೇಪ್ ಹಿಡಿದು ನೋಡಲು ಹೋದೆವು.

ಕಟ್ಟೆಯ ಎತ್ತರ ಎರಡೂವರೆ ಅಡಿ. ರ‍್ಯಾಂಪಿನ ಉದ್ದ ಎಂಟು ಅಡಿ. ಲೆಕ್ಕ ಹೇಗೆಂದರೆ, ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಅಂದರೆ ಇಲ್ಲಿ 30 ಅಡಿ ಬೇಕಿತ್ತು. ಆ ಊರಿನದೇ ಹುಡುಗನೊಬ್ಬ ಗಾಲಿಕುರ್ಚಿಯಲ್ಲಿ ಬಂದಿದ್ದ. ಹತ್ತಿ ನೋಡುತ್ತೇನೆ ಅಂದ. ಅರ್ಧಕ್ಕೆ ಬಂದಾಗ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ನೆಲ ಬಿಟ್ಟವು. ಹಿಂದಿನಿಂದ ಅವರವ್ವ ಗಟ್ಟಿಯಾಗಿ ಹಿಡಿದುಕೊಂಡರು. ಗೌಂಡಿ ಅಲ್ಲೇ ಇದ್ದರು, ನೋಡಿ ಗಾಬರಿಯಾದರು. "ನಮಗ ಯಾರೂ ಲೆಕ್ಕ ಹೇಳಿಲ್ರಿ ಅಕ್ಕಾರ. ಬೈಕ್ ಏರುವಷ್ಟ ಮಾಡ್ರಿ ಅಂದ್ರು, ಮಾಡೀನಿ."

ಅವರ ಮೇಲೆ ಸಿಟ್ಟು ಮಾಡಿ ಏನು ಬಂತು? ಮುಂದೆ ರಸ್ತೆ ಇದೆ, 30 ಅಡಿ ಜಾಗ ಇಲ್ಲ. ಹುಡುಗನೇ ದಾರಿ ಹೇಳಿದ. ಗೋಡೆಗುಂಟ ಒಂದು ಕಡೆ ಏರಿಸಿ, ಮೂಲೆಯಲ್ಲಿ ಕುರ್ಚಿ ತಿರುಗುವಷ್ಟು ಸಪಾಟು ಜಾಗ ಬಿಟ್ಟು, ಅಲ್ಲಿಂದ ಬಾಗಿಲ ಕಡೆ ತಿರುಗಿಸಿದರೆ ಆಗುತ್ತದೆ ಅಂದ. ಗೌಂಡಿ ಇಟ್ಟಂಗಿ ಚೂರು ತಗೊಂಡು ಗೋಡೆಯ ಮೇಲೆಯೇ ಗೆರೆ ಹಾಕಿದರು. ಕುರ್ಚಿಯನ್ನು ಅಲ್ಲೇ ಒಂದು ಸುತ್ತು ತಿರುಗಿಸಲು ಹೇಳಿ, ಎಷ್ಟು ಜಾಗ ಬೇಕಾಗುತ್ತದೆ ಅಂತ ಅಳೆದುಕೊಂಡರು. ಎರಡೂ ಬದಿಗೆ ಕೈಹಿಡಿ ಪೈಪ್ ಬೇಕು ಅಂದಾಗ ಎತ್ತರ ಎಷ್ಟು ಅಂತ ಹುಡುಗನನ್ನೇ ಕೇಳಿದರು. ಒಡೆದು ಮತ್ತೆ ಕಟ್ಟಲು ಪಂಚಾಯಿತಿಯವರನ್ನು ಒಪ್ಪಿಸಲು ಹೊತ್ತು ಹಿಡಿಯಿತು. ಆಮೇಲೆ ಅದೇ ಗೌಂಡಿ ಪಕ್ಕದ ಊರಿನ ಶಾಲೆಯ ಕೆಲಸ ಹಿಡಿದಾಗ ಮೊದಲೇ ಆ ಹುಡುಗನಿಗೆ ಫೋನ್ ಮಾಡಿದರು.

ಸಮಿತಿಯವರಾಗಿ ನಮ್ಮ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ಊರಿಗೂ ಟೇಪ್ ಹಿಡಿದು ಹೋಗಲು ನಮ್ಮಿಂದ ಆಗದು. ರ‍್ಯಾಂಪಿನ ಎಸ್ಟಿಮೇಟ್ ತಯಾರಾಗುವಾಗಲೇ ಅಳತೆ ಇರುವ ನಕ್ಷೆಯೊಂದು ಜೊತೆಗೆ ಹೋಗಬೇಕು ಅಂತ ಜಿಲ್ಲಾ ಮಟ್ಟದಲ್ಲಿ ಕೇಳುತ್ತಾ ಬಂದಿದ್ದೇವೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ನಮಗೆ ಬಲ ಬಂತು. ಇಂಥ ಅಳತೆಗಳು ಬರೀ ಸಲಹೆಯಾಗಿ ಇದ್ದರೆ ಸಾಲದು, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಕೋರ್ಟ್ ಹೇಳಿತು. ಆ ತೀರ್ಪಿನ ಸಾರವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ಎಲ್ಲ ತಾಲೂಕಿನ ಸದಸ್ಯರಿಗೂ ಕೊಟ್ಟಿದ್ದೇವೆ.

ಕೇಳುವ ದಾರಿಯಲ್ಲಿ ನಾವು ಕಲಿತದ್ದು ಇಷ್ಟು. ಮೊದಲು ಮನವಿ, ಸ್ವೀಕೃತಿ ಪಡೆದು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಶೇ 5ರ ಹಣದಲ್ಲಿ ಕಳೆದ ವರ್ಷ ಏನು ಖರ್ಚಾಯಿತು, ಫಲಾನುಭವಿಗಳ ಪಟ್ಟಿ ಕೊಡಿ" ಅನ್ನುವ ಒಂದೇ ಸಾಲಿನ ಪ್ರಶ್ನೆ ಉದ್ದುದ್ದ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು. ಆಯುಕ್ತರು ಶಿಫಾರಸು ಮಾಡಿದರೆ ಆ ಕಚೇರಿ 3 ತಿಂಗಳೊಳಗೆ ಏನು ಮಾಡಿದೆವು ಅಂತ ತಿಳಿಸಬೇಕು, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತಲಾದರೂ ಬರೆದು ಕೊಡಬೇಕು. ದೂರಿಗೆ ಸಹಿ ಅಧ್ಯಕ್ಷರದ್ದಲ್ಲ, ತೊಂದರೆ ಆದವರದ್ದು. ಅವರಿಗೆ ಅಂಜಿಕೆ ಇದ್ದರೆ ಸಂಘವೂ ಜೊತೆಗೆ ಸಹಿ ಹಾಕುತ್ತದೆ.

ಅಂಜಿಕೆ ಅಂದೆ. ಅದನ್ನು ಹಗುರವಾಗಿ ತಗೊಳ್ಳಬಾರದು. ನಮ್ಮಲ್ಲಿ ಊರೂರಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ, ಅಲ್ಪ ಗೌರವಧನಕ್ಕೆ ದುಡಿಯುವವರು. ಮನೆ ಮನೆಯ ಕಷ್ಟ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆದರೆ ದಿನಾ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ ಕೆಲಸ ಮಾಡುವವರನ್ನು ಅದೇ ಪಂಚಾಯಿತಿ ವಿರುದ್ಧ ಮಾತಾಡಿ ಅಂತ ಮುಂದೆ ನಿಲ್ಲಿಸುವುದು ಅನ್ಯಾಯ. ಆದ್ದರಿಂದ ಅವರು ಸದಸ್ಯರಾಗಿರಲಿ, ಸಮಿತಿಯ ಪದಾಧಿಕಾರಿ ಆಗುವುದು ಬೇಡ ಅಂತ ಬೈಲಾದಲ್ಲೇ ಬರೆದೆವು. ಪ್ರಶ್ನೆ ಕೇಳಿ ಜಗಳ ಕಟ್ಟಿಕೊಳ್ಳುವುದು ಸಂಬಳವಿಲ್ಲದ ನಮ್ಮ ಪಾಲಿಗೆ. ನಮ್ಮ ಗೌರವಧನ ನಿಲ್ಲಿಸಲು ಯಾರಿಂದಲೂ ಆಗದು. ಸಂಬಳವಿಲ್ಲದ್ದಕ್ಕೆ ಇರುವ ದೊಡ್ಡ ಲಾಭ ಅದು. ದೇಣಿಗೆಗೂ ಇದೇ ಲೆಕ್ಕ ಹಾಕುತ್ತೇವೆ. ಯಾರನ್ನು ನಾಳೆ ಪ್ರಶ್ನೆ ಕೇಳಬೇಕಾಗುತ್ತದೋ ಅವರಿಂದ ಇವತ್ತು ಶಾಮಿಯಾನಾದ ದುಡ್ಡು ತಗೊಳ್ಳುವುದಿಲ್ಲ.

ತಾಯಂದಿರ ವಿಷಯದಲ್ಲಿ ನನಗೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. "ನಾವ ಸತ್ತ ಮ್ಯಾಲೆ ಇವನ್ನ ಯಾರ ನೋಡ್ತಾರ?" ಅನ್ನುವ ಚಿಂತೆ ಅವರನ್ನು ಸಂಘಕ್ಕೆ ತಂದಿದೆ. 18 ತುಂಬಿದ ಮಗನಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪಾಲಕರನ್ನು ನೇಮಿಸಲು ಜಿಲ್ಲೆಯಲ್ಲೇ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅರ್ಜಿ ಹಾಕಲು ನೆರವಾಗುತ್ತೇವೆ. ಆದರೆ ಮಗನಿಗೆ ಏನು ಬೇಕು ಅಂತ ತಾಯಿ ಹೇಳುವಾಗ, ಮಗ ಪಕ್ಕದಲ್ಲೇ ಕೂತಿರುತ್ತಾನೆ. ಈಗ ಸಭೆಗೆ ಮಕ್ಕಳನ್ನೂ ಕರೆಯುತ್ತೇವೆ, ಮೊದಲು ಅವರನ್ನೇ ಕೇಳುತ್ತೇವೆ. ಒಬ್ಬ ಹುಡುಗ ಪ್ರತಿ ಸಲವೂ "ಕೆಲಸ ಬೇಕು" ಅನ್ನುತ್ತಾನೆ. ತಾಯಿ ಕೇಳುತ್ತಿದ್ದದ್ದು ಮಾಸಾಶನ ಮಾತ್ರ. ಈಗ ನಮ್ಮ ರಿಜಿಸ್ಟರಿನಲ್ಲಿ ಎರಡೂ ಇವೆ.

ಅಧ್ಯಕ್ಷಗಿರಿ ಎರಡು ಅವಧಿಗಿಂತ ಹೆಚ್ಚು ಬೇಡ ಅಂತ ನಾವೇ ನಿಯಮ ಮಾಡಿಕೊಂಡಿದ್ದೆವು. ನನ್ನದು ಮುಗಿಯುವ ಒಂದು ವರ್ಷ ಮೊದಲೇ ಮುಂದಿನವರನ್ನು ಪ್ರತಿ ಕಚೇರಿಗೂ ಜೊತೆಗೆ ಕರೆದುಕೊಂಡು ಹೋದೆ, ಎಲ್ಲ ಫೈಲ್ ತೋರಿಸಿದೆ. ಈಗಿನ ಅಧ್ಯಕ್ಷೆ ಬನಹಟ್ಟಿ ಕಡೆಯ ಹುಡುಗಿ, ಹೊಲಿಗೆ ಕೆಲಸ ಮಾಡುತ್ತಾಳೆ. ಕಿವಿ ಕೇಳುವುದಿಲ್ಲ. ಕಿವುಡ ಮಕ್ಕಳ ಶಾಲೆಯ ಟೀಚರ್ ಒಬ್ಬರು ಸಭೆಗೆ ಬಂದು ಸನ್ನೆ ಭಾಷೆಯಲ್ಲಿ ಹೇಳುತ್ತಾರೆ. ನಾವೂ ಒಬ್ಬರಾದ ಮೇಲೆ ಒಬ್ಬರು, ಕೈ ಎತ್ತಿ ಮಾತಾಡಲು ಕಲಿತಿದ್ದೇವೆ.

ಆಕೆ ತನ್ನ ಮೊದಲ ಸಭೆಯಲ್ಲಿ ಎತ್ತಿದ ವಿಷಯ ಆಸ್ಪತ್ರೆಯದ್ದು. ಹೊರರೋಗಿಗಳ ಸಾಲಿನಲ್ಲಿ ಹೆಸರು ಕೂಗುತ್ತಾರೆ, ಎಲ್ಲೂ ಬರೆದು ತೋರಿಸುವುದಿಲ್ಲ. ಕಿವಿ ಕೇಳದವರ ಸರದಿ ಗೊತ್ತಿಲ್ಲದೇ ದಾಟಿಹೋಗುತ್ತದೆ, ಮಧ್ಯಾಹ್ನದವರೆಗೆ ಕೂತು ವಾಪಸ್ ಬರುತ್ತಾರೆ. ಇಷ್ಟು ವರ್ಷ ರ‍್ಯಾಂಪ್, ಮಾಸಾಶನ ಅಂತ ಓಡಾಡಿದ ನಮ್ಮಲ್ಲಿ ಯಾರ ಮನಸ್ಸಿಗೂ ಇದು ಬಂದಿರಲಿಲ್ಲ. ಟೋಕನ್ ನಂಬರ್ ಕಾಣುವ ಬೋರ್ಡ್ ಹಾಕಿಸಬೇಕು, ಅದು ಬರುವವರೆಗೆ ಹೆಸರು ಕೂಗುವವರು ನಂಬರ್ ಬರೆದ ಹಲಗೆ ಎತ್ತಿ ತೋರಿಸಬೇಕು ಅಂತ ಮನವಿ ತಯಾರಾಗಿದೆ. ಯೂನಿಕೋಡಿನಲ್ಲಿ ಟೈಪ್ ಆಗಿ ಮಾಸ್ತರರಿಗೆ ಹೋಗಿದೆ. ಅವರು ಕೇಳಿ ನೋಡಿ ತಿದ್ದಿದ ಮೇಲೆ, ಬರುವ ಸೋಮವಾರ ಆಕೆ ತನ್ನ ಊರಿನ ಇನ್ನಿಬ್ಬರು ಕಿವುಡ ಹೆಣ್ಣುಮಕ್ಕಳ ಜೊತೆ ಹೋಗಿ ಕೊಡುತ್ತಾಳೆ.