ಕಾರಿನೊಳಗೆ ಕಾದ ಕೂಸು: ಮೊದಲು ತಂಪು, ಆಮೇಲೆ ಉಳಿದದ್ದು

ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನ ತಾಪಮಾನ ಇಪ್ಪತ್ತು ನಿಮಿಷದಲ್ಲೇ 50 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಕೂಸಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ನಿದ್ದೆಯಲ್ಲಿದೆಯೆಂದು ಕಾರಿನಲ್ಲೇ ಬಿಟ್ಟುಹೋಗಿದ್ದ ಒಂಬತ್ತು ತಿಂಗಳ ಹೆಣ್ಣುಕೂಸನ್ನು ನಮ್ಮ ಮಕ್ಕಳ ವಿಭಾಗಕ್ಕೆ ತಂದಾಗ ಅದರ ಮೈ ಕೆಂಪೇರಿತ್ತು, ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ, ಎಡಗೈ ಬಿಟ್ಟುಬಿಟ್ಟು ಸೆಳೆಯುತ್ತಿತ್ತು. ಇಂಥ ಕೂಸುಗಳಲ್ಲಿ ಕಂಕುಳಿನ ಅಳತೆಯನ್ನು ನಾನು ನಂಬುವುದಿಲ್ಲ. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 41.3 ತೋರಿಸಿತು. 40 ಡಿಗ್ರಿ ಮೀರಿದ ಮೈಬಿಸಿಯ ಜೊತೆಗೆ ಪ್ರಜ್ಞೆಯೂ ಮಸುಕಾಗಿದ್ದರೆ ಅದನ್ನು ಶಾಖಾಘಾತ (ಹೀಟ್ ಸ್ಟ್ರೋಕ್) ಎಂದೇ ಹಿಡಿದು, ರಕ್ತಪರೀಕ್ಷೆಯ ವರದಿಗೆ ಕಾಯದೆ ತಂಪು ಮಾಡಲು ತೊಡಗಬೇಕು.

ಉಸಿರಿನ ದಾರಿಯನ್ನು ಸರಿಪಡಿಸಿ ಆಮ್ಲಜನಕ ಹಚ್ಚುತ್ತಿದ್ದಂತೆಯೇ ನರ್ಸ್ ಅಂಗಿ, ಡಯಾಪರ್ ಎಲ್ಲವನ್ನೂ ಬಿಚ್ಚಿದರು. ಉಗುರುಬೆಚ್ಚಗಿನ ನೀರಿನಿಂದ ಮೈಯೆಲ್ಲ ತೋಯಿಸಿ ಫ್ಯಾನನ್ನು ನೇರವಾಗಿ ಬಿಟ್ಟೆವು. ಬಟ್ಟೆಯಲ್ಲಿ ಸುತ್ತಿದ ಐಸ್ ಪೊಟ್ಟಣಗಳನ್ನು ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟೆವು. ನೀರು ಆರುವಾಗಲೇ ಶಾಖವನ್ನು ಎಳೆದೊಯ್ಯುವುದರಿಂದ ಚರ್ಮ ಒಣಗಿದೊಡನೆ ಮತ್ತೆ ತೋಯಿಸುತ್ತಲೇ ಇರಬೇಕು. ಸೆಳೆತಕ್ಕೆ ಮಿಡಜೋಲಾಮ್ ಕೊಟ್ಟೆ. ರಕ್ತದ ಸಕ್ಕರೆ ಇಳಿದಿದ್ದರಿಂದ ಕಿಲೋ ತೂಕಕ್ಕೆ 2 ಮಿ.ಲೀ.ನಂತೆ 10% ಡೆಕ್ಸ್ಟ್ರೋಸ್ (ಸಕ್ಕರೆಯ ದ್ರಾವಣ) ಹಾಕಿ, ಅನಂತರ ಕಿಲೋಗೆ 10 ಮಿ.ಲೀ. ಸಲೈನ್ ಕೊಟ್ಟು ನಾಡಿಯನ್ನು ಮತ್ತೆ ನೋಡಿದೆ.

"ಡಾಕ್ಟರೇ, ಜ್ವರದ ಔಷಧ ಯಾಕ ಕೊಡವಲ್ರಿ?" ಎಂದು ಅಜ್ಜಿ ಕೇಳಿದರು. ಜ್ವರದಲ್ಲಿ ಮೆದುಳೇ ಮೈಬಿಸಿಯನ್ನು ಏರಿಸಿರುತ್ತದೆ, ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಇಲ್ಲಿ ಶಾಖ ಹೊರಗಿನಿಂದ ನುಗ್ಗಿದ್ದು, ಆ ಔಷಧದಿಂದ ಉಪಯೋಗವಿಲ್ಲ, ಮೊದಲೇ ಬಳಲಿದ ಯಕೃತ್ತಿಗೆ ಅದು ಹೊರೆಯೂ ಆದೀತು ಎಂದು ಕೆಲಸದ ನಡುವೆಯೇ ಅವರಿಗೆ ತಿಳಿಸಿದೆ. ಇಷ್ಟನ್ನು ಮನೆಯವರಿಗೆ ಹೇಳಲೇಬೇಕು. ಇಲ್ಲವಾದರೆ ನಾವು ತಿರುಗಿದೊಡನೆ ಯಾರಾದರೂ ಸಿರಪ್ ಕುಡಿಸಿಬಿಡುತ್ತಾರೆ, ಪ್ರಜ್ಞೆಯಿಲ್ಲದ ಕೂಸಿಗೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಮೈಬಿಸಿ 38.5ಕ್ಕೆ ಇಳಿದೊಡನೆ ಐಸ್ ತೆಗೆಸಿ ಮೈ ಒರೆಸಿದೆವು, ಏಕೆಂದರೆ ಆಮೇಲೂ ಅದು ತಾನಾಗಿ ಇಳಿಯುತ್ತಿರುತ್ತದೆ, ಚಿಕ್ಕ ಕೂಸು ಅತಿಯಾಗಿ ತಣ್ಣಗಾಗುವುದೂ ಅಷ್ಟೇ ಕೆಟ್ಟದ್ದು.

ತಾಲ್ಲೂಕಿನಿಂದ ಕರೆ ಮಾಡುವ ವೈದ್ಯರಿಗೆ ನಾನು ಹೇಳುವುದು ಇದನ್ನೇ: ತಂಪು ಮಾಡಲು 108 ಬರುವವರೆಗೆ ಕಾಯಬೇಡಿ, ಕೂಸನ್ನು ನೆರಳಿನಲ್ಲಿ ಬಿಚ್ಚಿ ಮಲಗಿಸಿ ನೀರು ಹಚ್ಚಿ, ಆಂಬುಲೆನ್ಸಿನಲ್ಲೂ ಗಾಳಿ ಹಾಕುತ್ತಲೇ ಕಳಿಸಿ.

ಸಂಜೆಯ ಹೊತ್ತಿಗೆ ಕೂಸು ಹಾಲು ಕುಡಿಯಿತು, ಮನೆಯವರು ಹೊರಡಲು ಅವಸರಪಟ್ಟರು. ಯಕೃತ್ತಿನ ಪೆಟ್ಟು ಎರಡು ಮೂರು ದಿನ ಕಳೆದ ಮೇಲೆ ರಕ್ತದಲ್ಲಿ ಎದ್ದು ಕಾಣುವುದುಂಟು. ಆದ್ದರಿಂದ ಯಕೃತ್ತಿನ ಕಿಣ್ವಗಳ ಮಟ್ಟ, ರಕ್ತ ಹೆಪ್ಪುಗಟ್ಟುವ ಅವಧಿ, ಮೂತ್ರದ ಬಣ್ಣ ಮತ್ತು ಪ್ರಮಾಣ ಸರಿಹೋಗುವವರೆಗೆ ನಾನು ಬಿಡುಗಡೆಗೆ ಒಪ್ಪಲಿಲ್ಲ.