ಕಾಲರ್ ಮೈಕಿಲ್ಲದೆ ಒಂದು ಸಂಗೀತ ನಾಟಕ

ನಮ್ಮ ಹುಡುಗರ ತಂಡದ ಮೊದಲ ಸಂಗೀತ ನಾಟಕ ಹತ್ತು-ಹನ್ನೊಂದು ಪ್ರದರ್ಶನ ಮುಗಿಸಿದೆ. ಒಂದು ಹಾಡಿಗೂ ಟ್ರ್ಯಾಕ್ (ಮೊದಲೇ ಧ್ವನಿಮುದ್ರಿಸಿದ ವಾದ್ಯಸಂಗೀತ) ಹಾಕಿಲ್ಲ, ಒಬ್ಬರ ಕಾಲರಿಗೂ ಮೈಕ್ ಸಿಕ್ಕಿಸಿಲ್ಲ. "ಮೂರನೇ ಸಾಲಿಗೆ ನಿಮ್ಮ ಮಾತೇ ಕೇಳಲ್ಲ, ಇನ್ನು ಹಾಡಂತೆ!" ಎಂದು ನಕ್ಕಿದ್ದ ಹಿರಿಯರೊಬ್ಬರು ಈಚೆಗೆ ಫೋನ್ ಮಾಡಿ, "ಅದೇನು ಮಾಡಿದ್ರಿ ಮಾರಾಯ್ರೇ, ಸ್ವಲ್ಪ ಬರೆದಿಡಿ" ಅಂದರು. ಬರೆದಿಡುತ್ತಿದ್ದೇನೆ, ಪೂರ್ತಿ ಅಲ್ಲದಿದ್ದರೂ.

ಮೊದಲು ಟ್ರ್ಯಾಕಿನ ದಾರಿಯನ್ನೇ ಹಿಡಿದಿದ್ದೆವು. ಸ್ಟುಡಿಯೋ, ಕೀಬೋರ್ಡಿನವರು, ಮಿಕ್ಸಿಂಗ್ ಎಲ್ಲ ಸೇರಿ 50 ಸಾವಿರದ ಹತ್ತಿರ ಹೋಯಿತು. ಕೇಳಲು ಬಲು ಚೆನ್ನಾಗಿತ್ತು. ತಾಲೀಮಿಗೆ ತಂದರೆ ನಾಟಕವೇ ಸತ್ತುಹೋಯಿತು. ಎದುರು ಕೂತವರು ನಕ್ಕರೆಂದು ನಟ ಒಂದು ಕ್ಷಣ ತಡೆದರೆ ಟ್ರ್ಯಾಕ್ ತಡೆಯುವುದಿಲ್ಲ. ಇವನು ಪಲ್ಲವಿ ಎತ್ತುವಷ್ಟರಲ್ಲಿ ಅದು ಚರಣಕ್ಕೆ ಹೋಗಿರುತ್ತದೆ. ಬಾಡಿಗೆ ಕಾಲರ್ ಮೈಕುಗಳ ಕಥೆ ಬೇರೆ. ಬೆವರಿಗೆ ಎರಡು ಕೈಕೊಟ್ಟವು, ಒಂದು ನಾಯಕಿಯ ಸರಕ್ಕೆ ತಾಗಿ ಅಪ್ಪಿಕೊಂಡಾಗಲೆಲ್ಲ ಸಿಡಿಲು ಬಡಿಯಿತು. ಒಂದು ಸಂಜೆಗೆ ಎಂಟು ಮೈಕು, ಜೊತೆಗೊಬ್ಬ ಆಪರೇಟರ್ ಅಂದರೆ ಹತ್ತು-ಹನ್ನೆರಡು ಸಾವಿರ. ಆ ದುಡ್ಡನ್ನು ನಾಟಕದ ಜೊತೆಗೇ ಕೂತು ಹಾಡಿ ನುಡಿಸುವ ಮೇಳಕ್ಕೇ ಕೊಡೋಣ ಎಂದು ತೀರ್ಮಾನಿಸಿದೆವು.

ಮೈಕ್ ಬರುವ ಮೊದಲೇ ಕಂಪನಿ ನಾಟಕಗಳು ಹಾಡಿಕೊಂಡೇ ಬದುಕಿದ್ದವು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆದರೆ ಅವರದು ಕುದುರಿದ ಗಂಟಲು, ನಮ್ಮವರು ಸಾಫ್ಟ್‌ವೇರ್ ಕೆಲಸ ಮುಗಿಸಿ ಏಳೂವರೆಗೆ ತಾಲೀಮಿಗೆ ಬರುವವರು. ರಂಗನಿರ್ದೇಶಕ ಬಿ.ವಿ. ಕಾರಂತರು ಗಾಯಕರಲ್ಲದವರಿಂದಲೂ ಹಾಡಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಕೇಳಿದರೆ "ಅದು ಕಾರಂತರು ಕಣಯ್ಯಾ" ಎಂದು ಸುಮ್ಮನಾಗುತ್ತಾರೆ. ಹಾಗಾಗಿ ನಾವೇ ಹುಡುಕಿಕೊಳ್ಳಬೇಕಾಯಿತು.

ಮೊದಲ ಜಗಳ ಶ್ರುತಿಯದು, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ್ದು. ಹುಡುಗನಿಗೆ ಹಾರ್ಮೋನಿಯಂನ ಒಂದನೇ ಕಪ್ಪು ಮನೆ, ಅಂದರೆ ಕಪ್ಪು ಒಂದು, ಹಿತ, ಹುಡುಗಿಗೆ ಕಪ್ಪು ಮೂರು. ಯುಗಳಗೀತೆಯನ್ನು ಇಬ್ಬರ ನಡುವಿನ ಮನೆಗೆ ತಂದರೆ ಇವನು ಕಿರುಚುತ್ತಾನೆ, ಅವಳು ಗೊಣಗುತ್ತಾಳೆ, ಹಿಂದಿನ ಸಾಲಿಗೆ ಇಬ್ಬರೂ ಇಲ್ಲ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಒಂದು ದಿನ ಬೇಸತ್ತು, "ಅವನು ಷಡ್ಜದಲ್ಲಿರಲಿ, ಅವಳನ್ನು ಮಧ್ಯಮ ಶ್ರುತಿಗೆ ಹಾಕ್ರಪ್ಪಾ" ಅಂದರು. ಕಪ್ಪು ಒಂದನ್ನು ಷಡ್ಜ, ಅಂದರೆ "ಸ", ಎಂದು ಹಿಡಿದರೆ ಅದರ ಮಧ್ಯಮವೇ, ಅಂದರೆ "ಮ"ವೇ, ಕಪ್ಪು ಮೂರು. ಅವನ ಷಡ್ಜವೇ ಅವಳಿಗೆ ಪಂಚಮ, ಅಂದರೆ "ಪ". ಹಿಡಿದ ಶ್ರುತಿ ಕದಲಿಸದೆ ಹಾಡು ಇವನಿಂದ ಅವಳಿಗೆ ದಾಟುತ್ತದೆ. ಸಂಗೀತ ಬಲ್ಲವರಿಗೆ ಇದು ಹಳೇ ವಿಷಯವೇ ಇರಬಹುದು, ನಮಗೆ ಆ ಸಂಜೆ ಹಬ್ಬ. ಅಲ್ಲಿಂದಾಚೆ ನಾಟಕದ ಎಲ್ಲ ಹಾಡನ್ನೂ ರಾಗ ಹಾಕಿದವರ ಅನುಕೂಲ ಬಿಟ್ಟು ನಟರ ಗಂಟಲಿಗೆ ತಕ್ಕಂತೆ ಮತ್ತೆ ಕೂರಿಸಿದೆವು. ಹಾಡಿನ ಮುಂಚಿನ ನಾಲ್ಕಾರು ಮಾತುಗಳನ್ನೂ ಅದೇ ಶ್ರುತಿಯ ಆಸುಪಾಸಿನಲ್ಲಿ ಆಡಿಸಿದೆವು. ಹಾಡು ಎಲ್ಲಿ ಶುರುವಾಯಿತು ಎಂದೇ ಗೊತ್ತಾಗಬಾರದು, ಅದು ನನ್ನ ಹಟ.

ಎರಡನೆಯದು ಅಕ್ಷರಗಳದು. ಸಾಹಿತ್ಯದಲ್ಲಿ "ಊರ ಬಾಗಿಲಲ್ಲಿ" ಎಂದಿತ್ತು. ಮೇಲಿನ ಷಡ್ಜ ಬರುವುದು ಸರಿಯಾಗಿ ಆ ಒತ್ತಕ್ಷರಕ್ಕೆ ಮುಂಚಿನ "ಲ"ದ ಮೇಲೆ. ಬಾಯಿ ಮುಚ್ಚಿಹೋಗುವ ಜಾಗ, ಎಳೆಯಲು ಬರುವುದಿಲ್ಲ. "ಊರ ಬಾಗಿಲಾಚೆ" ಮಾಡಿದೆವು. ಮಾತ್ರೆ ಅಷ್ಟೇ, ತಾಳ ಅಲುಗಲಿಲ್ಲ, "ಲಾ" ಮಾತ್ರ ಕೊನೇ ಸಾಲಿನ ಗೋಡೆಗೆ ಹೋಗಿ ಬಡಿಯಿತು. ಬಾಗಿಲಲ್ಲಿ ನಿಂತಿದ್ದವಳನ್ನು ಆಚೆ ಕಳಿಸಿಬಿಟ್ಟಿರಿ ಎಂದು ಕವಿಮಿತ್ರರು ಒಂದು ವಾರ ಮಾತು ಬಿಟ್ಟರು. ತಾರಕ್ಕೆ, ಅಂದರೆ ಮೇಲಿನ ಸ್ವರಗಳಿಗೆ, ಹೋಗುವ ಕಡೆಯೆಲ್ಲ ಆ, ಏ, ಓ. ಇಕಾರ ಉಕಾರಗಳು ಕೆಳಗಿನ ಸ್ವರಗಳಿಗೆ. ಮೈಕ್ ಮಾಡಬೇಕಿದ್ದ ಅರ್ಧ ಕೆಲಸ ಹೀಗೇ ಆಯಿತು ಎಂದರೆ ಸೌಂಡಿನವರು ಈಗಲೂ ನಂಬುವುದಿಲ್ಲ.

ಉಸಿರಿನ ಸಮಸ್ಯೆಗೆ ಮೇಳವೇ ಉತ್ತರ. ಕುಣಿಯುವವನು ಪಲ್ಲವಿಯನ್ನು ಒಮ್ಮೆ ಹಾಡಿದರೆ ಸಾಕು, ಎರಡನೇ ಸಲ ಮೇಳ ಎತ್ತಿಕೊಳ್ಳುತ್ತದೆ, ಅಷ್ಟರಲ್ಲಿ ಅವನಿಗೆ ದಮ್ಮು ವಾಪಸ್. ಮೇಳವನ್ನು ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ ಕೂರಿಸಿ ನೋಡಿದೆವು, ದನಿ ಪರದೆಯೊಳಗೇ ಉಳಿಯಿತು. ರಂಗದ ಎಡಗಡೆ, ಮುಂದಿನ ಅಂಚಿಗೆ ಎಳೆದು ತಂದಮೇಲೆ ಸರಿಹೋಯಿತು. ಆದರೆ ಆಗ ನಟರ ದನಿಯನ್ನು ಹಾರ್ಮೋನಿಯಂ ನುಂಗತೊಡಗಿತು. ಕೊನೆಗೊಂದು ಕರಾರು: ಕಂಠ ಹಾಡುವಾಗ ಹಾರ್ಮೋನಿಯಂ ಪೆಟ್ಟಿಗೆ ಬರೀ ಸ-ಪ ಹಿಡಿದಿರಬೇಕು, ಸ್ವರಜೋಡಣೆ ಬಿಡುವಿನಲ್ಲಿ ಮಾತ್ರ. ಮೇಷ್ಟ್ರಿಗೆ ಇದು ಅವಮಾನ ಅನ್ನಿಸಿತ್ತು. ಎರಡನೇ ಪ್ರದರ್ಶನದಲ್ಲಿ ಬಿಡುವಿನ ತುಣುಕಿಗೇ ಚಪ್ಪಾಳೆ ಬಿದ್ದಮೇಲೆ ಸಮಾಧಾನವಾದರು. ಢೋಲಕ್ಕಿನ ಸದ್ದು ತಗ್ಗಲೆಂದು ಅದರ ಮೇಲೆ ಟವೆಲ್.

ರಂಗದ ಬಲಗಡೆ ನಿಂತವರಿಗೆ ಶ್ರುತಿ ಕೇಳಿಸದೆ ಹಾಡು ಜಾರುತ್ತಿತ್ತು, ಅದಕ್ಕೂ ಒಂದು ಉಪಾಯ ಮಾಡಿದ್ದೇವೆ. ನೋಡಿದವರು ಯಾರೂ ಇನ್ನೂ ಪತ್ತೆಹಚ್ಚಿಲ್ಲ. ಮುಂದಿನ ನಾಟಕ ಆಗುವವರೆಗೆ ಅದು ನಮ್ಮಲ್ಲೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗ. ಒಂದು ಜಗಳದ ದೃಶ್ಯವನ್ನು ಪೂರ್ತಿ ಭಾಮಿನಿ ಷಟ್ಪದಿಯಲ್ಲೇ ಬರೆಸಿದೆ. ಮೂರು-ನಾಲ್ಕರ ಗಣ, ಕೆಳಗೆ ಅದಕ್ಕೊಪ್ಪುವ ಏಳರ ತಾಳ, ಮಿಶ್ರಛಾಪು, ಸಣ್ಣಗೆ. ಹಾಡಬೇಡಿ, ಬೈದಾಡಿ ಅಂದೆ. ಪದ್ಯ ಎಂದು ಪ್ರೇಕ್ಷಕರಲ್ಲಿ ಯಾರಿಗೂ ಹೊಳೆಯಲಿಲ್ಲ, "ಆ ಜಗಳ ಮಾತ್ರ ಏನೋ ಓಡುತ್ತೆ ಸಾರ್" ಅಂದವರು ಬಹಳ ಮಂದಿ. ಇದೇ ಉಮೇದಿನಲ್ಲಿ ಕಂಪನಿ ಕಾಲದ, ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಒಂದನ್ನು ಬಾಡಿಗೆಗೆ ತರಿಸಿದೆ. ನೋಡಲು ಗತ್ತು, ಎತ್ತಲು ನಾಲ್ಕು ಜನ, ನಾದಕ್ಕೆ ನಮ್ಮ ಗಂಟಲುಗಳು ಮುಳುಗಿಹೋದವು. ವಾಪಸ್ ಕಳಿಸಿದೆ.

ಲೆಕ್ಕ, ನೆನಪಿದ್ದಷ್ಟು: ಮೊದಲ ಎರಡು ಪ್ರದರ್ಶನದವರೆಗೆ ಮೂರೂಕಾಲು ಲಕ್ಷ. ಮೇಳದ ನಾಲ್ವರಿಗೆ ತಾಲೀಮೂ ಸೇರಿ ಒಂದು ಲಕ್ಷದ ಮೇಲೆ. ತಾಲೀಮಿಗೆ ದುಡ್ಡು ಕೊಡದೆ ಪ್ರದರ್ಶನದ ದಿನ ಮಾತ್ರ ಕರೆಸುವ ತಂಡಗಳಿಗೆ ನನ್ನ ವಿಧಾನ ಹಿಡಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಭಾಂಗಣ, ಲೈಟು 70 ಸಾವಿರ. ಸೆಟ್ಟು-ಉಡುಪು 45 ಸಾವಿರ, ಅದರಲ್ಲಿ ಅರ್ಧ ಹಳೇ ನಾಟಕದ ಬಟ್ಟೆ. ಟ್ರ್ಯಾಕಿಗೆ ಹೋದ 50 ಸಾವಿರ ಇದರಲ್ಲೇ ಇದೆ. ಉಳಿದದ್ದು ತಾಲೀಮಿನ ಜಾಗ, ಚಹಾ, ಆಟೋ. ಟಿಕೆಟ್ 250 ರೂಪಾಯಿ. ನಾಟಕದ ಟಿಕೆಟ್ 500 ದಾಟದಿದ್ದರೆ ಜಿಎಸ್‌ಟಿಯ ತಂಟೆಯಿಲ್ಲ. ಮುನ್ನೂರು ಸೀಟಿನಲ್ಲಿ ಪಾಸಿನವರನ್ನು ಬಿಟ್ಟು ಕಲೆಕ್ಷನ್ ಅರವತ್ತು ಸಾವಿರದ ಸುತ್ತ. ಮೊದಲೆರಡು ಆಟಕ್ಕೆ ಇನ್ನೂ ಕಮ್ಮಿ. ಆಮೇಲಿನ ಪ್ರತಿ ಪ್ರದರ್ಶನಕ್ಕೂ ನಲವತ್ತು ಸಾವಿರ ಖರ್ಚು. ಹೊರಗಿನ ಆಹ್ವಾನ ಎರಡು ಬಂದದ್ದರಿಂದ ಹತ್ತನೇ ಆಟದ ಹೊತ್ತಿಗೆ ಹಾಕಿದ ದುಡ್ಡು ಹುಟ್ಟಿತು. ಸದಸ್ಯರು ತಲಾ ಹತ್ತು ಸಾವಿರ ಹಾಕಿದ್ದರು, ತಿರುಗಿ ಕೊಡಲು ಹೋದರೆ ಇಬ್ಬರು ಮುಂದಿನದಕ್ಕೆ ಇರಲಿ ಅಂದರು, ಉಳಿದವರು ತಕ್ಷಣ ತೆಗೆದುಕೊಂಡರು.

ಮುನ್ನೂರು-ಮುನ್ನೂರೈವತ್ತು ಸೀಟು, ಮುಚ್ಚಿದ ಸಭಾಂಗಣ ಇದ್ದರೆ ಮಾತ್ರ ಇದು ನಡೆಯುತ್ತದೆ. ಒಂದು ಆಹ್ವಾನದಲ್ಲಿ ತಗಡಿನ ಸೂರಿನ ಕೆಳಗೆ ಆಡಬೇಕಾಯಿತು, ಎರಡನೇ ದೃಶ್ಯಕ್ಕೆ ಮಳೆ ಹಿಡಿಯಿತು. ಅಂದು ಸುಮ್ಮನೆ ರಂಗದ ಅಂಚಿಗೆ ಎರಡು ಫ್ಲೋರ್ ಮೈಕ್ ಇಡಿಸಿ ಆಟ ಮುಗಿಸಿದೆವು. ಅವು ಹೇಗೂ ಆಯೋಜಕರ ಖರ್ಚು.