ಒಂದೇ ಕಂಪ್ಯೂಟರ್, ಮೂರು ಕೆಲಸ: ಡೆಸ್ಕ್‌ಟಾಪ್ ಬೇರೆ ಬೇರೆ ಮಾಡಿಕೊಳ್ಳುವುದು ಹೇಗೆ?

ಶಿವಮೊಗ್ಗದಲ್ಲೋ ಸಾಗರದಲ್ಲೋ ಯಾವುದಾದರೂ ಡಿಟಿಪಿ ಅಂಗಡಿಗೆ ಹೋದಾಗ ಕೌಂಟರ್ ಆಚೆಗಿನ ಸ್ಕ್ರೀನ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಅರ್ಧ ಮುಗಿದ ಲಗ್ನಪತ್ರಿಕೆ, ಅದರ ಮೇಲೆ ಯಾರದೋ ಪಹಣಿ, ಅದರ ಮೇಲೆ ಇನ್ಯಾರದೋ ಆಧಾರ್ ಸ್ಕ್ಯಾನ್, ಪಕ್ಕದಲ್ಲಿ ವಾಟ್ಸ್‌ಆ್ಯಪ್. ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಎಕ್ಸೆಲ್ ಐಕಾನ್ ಮೇಲೆ ಮೌಸ್ ಇಟ್ಟರೆ ಪುಟ್ಟ ಪುಟ್ಟ ಚಿತ್ರಗಳ ಸಾಲು: 'ನ್ಯೂ', 'ನ್ಯೂ 1', 'ಫೈನಲ್', 'ಫೈನಲ್ 2'. "ಅಣ್ಣಾ, ನನ್ನ ಪತ್ರಿಕೆ ಎಲ್ಲಿ ಹೋಯ್ತು?" ಅಂತ ಗಿರಾಕಿ ಕೇಳಿದರೆ, "ತಡೀರಿ, ಇಲ್ಲೇ ಇತ್ತು" ಅನ್ನುತ್ತಾ ಅಂಗಡಿಯವರು ಒಂದೊಂದೇ ವಿಂಡೋ ಇಳಿಸುತ್ತಾ ಹೋಗುತ್ತಾರೆ. ಪತ್ರಿಕೆ ಸಿಗುವಷ್ಟರಲ್ಲಿ ನಾಲ್ಕಾರು ಜನರ ಆಧಾರ್ ನಂಬರ್ ಗಿರಾಕಿಯ ಕಣ್ಣಿಗೆ ಬಿದ್ದಿರುತ್ತದೆ.

ಇದಕ್ಕೆ ಇನ್ನೊಂದು ಮಾನಿಟರ್ ತರಬೇಕಿಲ್ಲ. ಒಂದೇ ಸ್ಕ್ರೀನ್‌ನಲ್ಲಿ ಎರಡು ಮೂರು ಬೇರೆ ಬೇರೆ ಡೆಸ್ಕ್‌ಟಾಪ್ ಇಟ್ಟುಕೊಳ್ಳುವ ಸೌಲಭ್ಯ 2015ರಲ್ಲಿ ವಿಂಡೋಸ್ 10 ಬಂದಾಗಿನಿಂದ ಅದರೊಳಗೇ ಇದೆ. ಇದಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಅನ್ನುತ್ತಾರೆ. 'ಮಲ್ಟಿ ಡೆಸ್ಕ್‌ಟಾಪ್ ಮ್ಯಾನೇಜರ್ ಫ್ರೀ' ಅಂತ ಹುಡುಕಿ ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡುವವರನ್ನು ನೋಡಿದ್ದೇನೆ. ಡೆಸ್ಕ್‌ಟಾಪ್ ಹೆಚ್ಚಾಗುವುದಿಲ್ಲ, ಜಾಹೀರಾತು ಹೆಚ್ಚಾಗುತ್ತದೆ. ಅಂಥದ್ದು ಇದ್ದರೆ ಮೊದಲು ತೆಗೆದುಹಾಕಿ.

ಇಲ್ಲಿ ಹೇಳುವುದು ಮುಖ್ಯವಾಗಿ ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲೂ ಬಹುಪಾಲು ಇದೇ ನಡೆಯುತ್ತದೆ. ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿದಿದೆ, ನೆನಪಿರಲಿ.

ಹಂತ 1: ಯಾವುದಕ್ಕೆ ಯಾವ ಡೆಸ್ಕ್‌ಟಾಪ್?

ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಚೀಟಿ ತಗೊಳ್ಳಿ. ದಿನಕ್ಕೆ ನೀವು ಮಾಡುವ ಕೆಲಸ ಬರೆಯಿರಿ. ಗಮನಿಸಿ, ಕೆಲಸ ಬರೆಯಿರಿ, ಆ್ಯಪ್‌ಗಳ ಹೆಸರಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದನೆಯದರಲ್ಲಿ ಕ್ರೋಮ್, ಎರಡನೆಯದರಲ್ಲಿ ಎಕ್ಸೆಲ್, ಮೂರನೆಯದರಲ್ಲಿ ವರ್ಡ್ ಅಂತ ಹಂಚುತ್ತಾರೆ. ಅದು ಪಾತ್ರೆಗಳನ್ನೆಲ್ಲ ಅಡುಗೆಮನೆಯಲ್ಲಿ, ಸೌಟುಗಳನ್ನೆಲ್ಲ ಜಗಲಿಯಲ್ಲಿ ಇಟ್ಟ ಹಾಗೆ. ಒಂದು ಬಿಲ್ ಮಾಡುವುದಕ್ಕೆ ನಾಲ್ಕು ಸಲ ಅತ್ತಿತ್ತ ಓಡಾಟ. ಎರಡೇ ದಿನದಲ್ಲಿ ಬೇಜಾರಾಗಿ "ಇದೆಲ್ಲ ನಮಗಾಗಲ್ಲ" ಅಂತ ಬಿಟ್ಟುಬಿಡುತ್ತಾರೆ.

1986ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧಕರು 'ರೂಮ್ಸ್' ಅಂತ ಒಂದು ವ್ಯವಸ್ಥೆ ಕಟ್ಟಿದಾಗ ಹಿಡಿದ ಎಳೆಯೂ ಇದೇ. ಒಂದು ಕೆಲಸ ಮಾಡುವಾಗ ನಮಗೆ ಬೇಕಾಗುವುದು ಕೆಲವೇ ವಿಂಡೋಗಳ ಒಂದು ಗುಂಪು. ಕೆಲಸ ಬದಲಾದರೆ ಇಡೀ ಗುಂಪೇ ಬದಲಾಗಬೇಕು.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರನ್ನು ತಗೊಳ್ಳಿ. 'ಖರೀದಿ' ಅಂತ ಒಂದು ಡೆಸ್ಕ್‌ಟಾಪ್: ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಮಾಡಿದ ಎಕ್ಸೆಲ್ ಹಾಳೆ, ದಿನದ ದರ ನೋಡುವ ಬ್ರೌಸರ್ ವಿಂಡೋ, ಕ್ಯಾಲ್ಕುಲೇಟರ್. 'ಜಿಎಸ್‌ಟಿ' ಅಂತ ಇನ್ನೊಂದು: ಪೋರ್ಟಲ್, ಟ್ಯಾಲಿ, ಬಿಲ್‌ಗಳ ಫೋಲ್ಡರ್. ತಿಂಗಳಿಗೊಮ್ಮೆ ರಿಟರ್ನ್ ಕಟ್ಟುವವರಿಗೆ 11ನೇ ತಾರೀಕು ಮತ್ತು 20ನೇ ತಾರೀಕಿನ ಹಿಂದುಮುಂದು ಇದನ್ನು ಬಿಟ್ಟು ಏಳುವ ಹಾಗಿಲ್ಲ. ಮೂರನೆಯದು 'ಪತ್ರವ್ಯವಹಾರ': ಮೇಲ್, ವಾಟ್ಸ್‌ಆ್ಯಪ್. ಎಕ್ಸೆಲ್ ಎರಡು ಕಡೆ ಬಂದರೂ ಪರವಾಗಿಲ್ಲ, ಬ್ರೌಸರ್ ಮೂರೂ ಕಡೆ ಬಂದರೂ ಸರಿಯೇ.

ಮೂರು ಸಾಕು. ನಾಲ್ಕಾದರೆ ನಡೆದೀತು. ಐದಾರು ಮಾಡಿಕೊಂಡವರು ಯಾವುದು ಎಲ್ಲಿದೆ ಅಂತ ಮತ್ತೆ ಹುಡುಕಲು ಶುರು ಮಾಡುತ್ತಾರೆ.

ಹಂತ 2: ತೆರೆಯುವುದು, ಓಡಾಡುವುದು

ವಿಂಡೋಸ್ ಕೀ, ಕಂಟ್ರೋಲ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸ ಡೆಸ್ಕ್‌ಟಾಪ್ ಬರುತ್ತದೆ. ವಿಂಡೋಸ್, ಕಂಟ್ರೋಲ್ ಜೊತೆ ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ಅತ್ತಿತ್ತ ಹೋಗಬಹುದು. ವಿಂಡೋಸ್ ಜೊತೆ ಟ್ಯಾಬ್ ಒತ್ತಿದರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ, ಇದಕ್ಕೆ ಟಾಸ್ಕ್ ವ್ಯೂ ಅಂತ ಹೆಸರು. ಇಷ್ಟೇ.

ಒತ್ತಿದರೂ ಏನೂ ಆಗುತ್ತಿಲ್ಲವೇ? ಬಣ್ಣಬಣ್ಣದ ಲೈಟಿನ ಗೇಮಿಂಗ್ ಕೀಬೋರ್ಡ್ ಇದ್ದರೆ ಅದರಲ್ಲಿ ವಿಂಡೋಸ್ ಕೀ ಲಾಕ್ ಆಗಿರಬಹುದು. ಎಫ್‌ಎನ್ ಜೊತೆ ವಿಂಡೋಸ್ ಕೀ ಒತ್ತಿ ನೋಡಿ. ಆಫೀಸ್ ಕೆಲಸಕ್ಕೆ ಆ ಕೀಬೋರ್ಡ್ ಯಾಕೆ ಅನ್ನುವುದು ಬೇರೆ ಮಾತು.

ಹಂತ 3: ಹೆಸರು ಮತ್ತು ಬಣ್ಣ

ಟಾಸ್ಕ್ ವ್ಯೂನಲ್ಲಿ 'ಡೆಸ್ಕ್‌ಟಾಪ್ 1' ಅಂತ ಇರುವ ಕಡೆ ಕ್ಲಿಕ್ ಮಾಡಿ ಹೆಸರು ಕೊಡಿ. ಕನ್ನಡದಲ್ಲೇ ಕೊಡಬಹುದು. ಆದರೆ ಕೆಲಸದ ಮಧ್ಯೆ ಹೆಸರು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಬಣ್ಣ ಬೇಕು. ಟಾಸ್ಕ್ ವ್ಯೂನಲ್ಲಿ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿದರೆ 'ಚೂಸ್ ಬ್ಯಾಕ್‌ಗ್ರೌಂಡ್' ಸಿಗುತ್ತದೆ. ಇಲ್ಲೊಂದು ಕಿರಿಕಿರಿ ಇದೆ: 'ಸಾಲಿಡ್ ಕಲರ್' ಆರಿಸಿದರೆ ಅದು ಎಲ್ಲ ಡೆಸ್ಕ್‌ಟಾಪ್‌ಗೂ ಅಂಟಿಕೊಳ್ಳುತ್ತದೆ. ಒಂದೊಂದಕ್ಕೆ ಬೇರೆ ಬೇರೆ ಇಡಲು ಬರುವುದು ಚಿತ್ರ ಮಾತ್ರ. ಆದ್ದರಿಂದ ಪೇಂಟ್ ತೆರೆದು, ಹಾಳೆ ಪೂರ್ತಿ ಒಂದೇ ಬಣ್ಣ ತುಂಬಿ, ಚಿತ್ರವಾಗಿ ಸೇವ್ ಮಾಡಿ ಅದನ್ನು ಹಾಕಿ. ಜೋಗದ ಫೋಟೋ ಬೇಡ. ಚೆಂದವೇನೋ ಹೌದು, ಆದರೆ ಐಕಾನ್‌ಗಳ ಬಿಳಿ ಅಕ್ಷರ ಆ ಬಿಳಿ ನೀರಲ್ಲಿ ಕಳೆದುಹೋಗುತ್ತದೆ. ವಿಂಡೋಸ್ 10ರಲ್ಲಿ ಈ ಸೌಲಭ್ಯವೇ ಇಲ್ಲ, ಎಲ್ಲಕ್ಕೂ ಒಂದೇ ಚಿತ್ರ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡೋಣ. ಚಿತ್ರ ಬೇರೆಯಾದರೂ ಸ್ಕ್ರೀನ್ ಮೇಲಿನ ಐಕಾನ್ ಮತ್ತು ಫೈಲ್‌ಗಳು ಎಲ್ಲ ಡೆಸ್ಕ್‌ಟಾಪ್‌ಗೂ ಒಂದೇ. "ಎರಡನೇ ಕಡೆ ಇನ್ನೊಂದು ಕಾಪಿ ಇದೆಯಲ್ಲ" ಅಂತ ಒಂದು ಕಡೆ ಡಿಲೀಟ್ ಮಾಡಿದರೆ ಎಲ್ಲ ಕಡೆಯೂ ಹೋಯಿತು ಅಂತಲೇ ಲೆಕ್ಕ. ಹಾಗೆಯೇ ಇದು ಗುಟ್ಟು ಕಾಯುವ ಬೀಗವೂ ಅಲ್ಲ. ಮಕ್ಕಳು ನಿಮ್ಮ ಲೆಕ್ಕದ ಫೈಲ್ ಮುಟ್ಟಬಾರದು ಅಂತಿದ್ದರೆ ಅವರಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ.

ಹಂತ 4: ವಿಂಡೋ ತನ್ನ ಜಾಗದಲ್ಲೇ ಇರುವಂತೆ ಮಾಡುವುದು

ನಿಜವಾದ ತಲೆನೋವು ಇದು. ನಿಧಾನವಾಗಿ ಓದಿ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್, ಡೆಸ್ಕ್‌ಟಾಪ್ಸ್ ಅಂತ ಒಂದರ ಹಿಂದೊಂದು ತೆರೆಯಿರಿ. ಅಲ್ಲಿ ಎರಡು ಆಯ್ಕೆಗಳಿವೆ. ಒಂದು ಟಾಸ್ಕ್‌ಬಾರ್‌ನಲ್ಲಿ ಯಾವ ವಿಂಡೋ ಕಾಣಬೇಕು ಅಂತ, ಇನ್ನೊಂದು ಆಲ್ಟ್ ಟ್ಯಾಬ್ ಒತ್ತಿದಾಗ ಯಾವುದು ಕಾಣಬೇಕು ಅಂತ. ಎರಡನ್ನೂ 'ನಾನು ಬಳಸುತ್ತಿರುವ ಡೆಸ್ಕ್‌ಟಾಪ್ ಮಾತ್ರ' ಅನ್ನುವ ಅರ್ಥದ ಆಯ್ಕೆಯಲ್ಲಿ ಇಡಿ. 'ಆಲ್ ಡೆಸ್ಕ್‌ಟಾಪ್ಸ್' ಅಂತ ಇಟ್ಟರೆ ಬೇರೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಈಗ ಬ್ರೌಸರ್. 'ಜಿಎಸ್‌ಟಿ' ಡೆಸ್ಕ್‌ಟಾಪ್‌ಗೆ ಹೋಗಿ, ಶಿಫ್ಟ್ ಹಿಡಿದುಕೊಂಡು ಟಾಸ್ಕ್‌ಬಾರ್‌ನ ಬ್ರೌಸರ್ ಐಕಾನ್ ಒತ್ತಿ. ಹೊಸ ವಿಂಡೋ ಅಲ್ಲೇ ತೆರೆಯುತ್ತದೆ. ಪ್ರತಿ ಡೆಸ್ಕ್‌ಟಾಪ್‌ಗೂ ಹೀಗೆ ಒಂದು ವಿಂಡೋ ಇರಲಿ, ಒಂದೇ ವಿಂಡೋದಲ್ಲಿ ಮೂವತ್ತು ಟ್ಯಾಬ್ ಬೇಡ. ಕ್ರೋಮ್ ಬಳಸುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೇಲೆ ಬಲಗಡೆ ಇರುವ ಪ್ರೊಫೈಲ್ ಚಿತ್ರ ಒತ್ತಿ ಕೆಲಸಕ್ಕೊಂದು ಪ್ರೊಫೈಲ್ ಮಾಡಿಕೊಳ್ಳಿ. ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ ಎಲ್ಲ ಬೇರೆ ಬೇರೆ ಇರುತ್ತವೆ. ಮನೆಯ ಮೇಲ್ ಐಡಿಯಲ್ಲಿ ಆಫೀಸಿನ ಫೈಲ್ ಕಳಿಸುವ ಅವಾಂತರ ಅರ್ಧಕ್ಕರ್ಧ ತಪ್ಪುತ್ತದೆ.

ಆದರೂ ಒಂದು ತೊಂದರೆ ಉಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಅದು ನೀವು ಕೊನೆಗೆ ಬಳಸಿದ ಬ್ರೌಸರ್ ಪ್ರೊಫೈಲ್‌ನಲ್ಲಿ ತೆರೆಯುತ್ತದೆ. ನೀವು ಪತ್ರವ್ಯವಹಾರದಲ್ಲಿ ಕೂತಿದ್ದರೂ ಸ್ಕ್ರೀನ್ ಫಕ್ಕನೆ ಇನ್ನೊಂದು ಡೆಸ್ಕ್‌ಟಾಪ್‌ಗೆ ಹಾರಬಹುದು. ಲಿಂಕ್ ಒತ್ತುವ ಬದಲು ಕಾಪಿ ಮಾಡಿ, ಬೇಕಾದ ವಿಂಡೋದಲ್ಲಿ ಪೇಸ್ಟ್ ಮಾಡಿ. ಇದಕ್ಕಿಂತ ಸುಲಭದ ದಾರಿ ಇಲ್ಲ.

ಎಕ್ಸೆಲ್ ಇನ್ನೂ ಹಟಮಾರಿ. ಖರೀದಿ ಹಾಳೆ ಒಂದು ಕಡೆ ತೆರೆದಿರುವಾಗ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಬೇರೆ ಫೈಲ್ ಡಬಲ್ ಕ್ಲಿಕ್ ಮಾಡಿದರೆ, ಕೆಲವೊಮ್ಮೆ ಅದು ಮೊದಲಿನ ಹಾಳೆಯ ಪಕ್ಕಕ್ಕೇ ಹೋಗಿ ಕೂರುತ್ತದೆ. ಮಾಡಬೇಕಾದದ್ದು ಇಷ್ಟು: ಆಲ್ಟ್ ಕೀ ಒತ್ತಿ ಹಿಡಿದು ಎಕ್ಸೆಲ್ ಶುರು ಮಾಡಿ. ಹೊಸದಾಗಿ ಇನ್ನೊಂದು ಎಕ್ಸೆಲ್ ತೆರೆಯಲೇ ಅಂತ ಅದು ಕೇಳುವವರೆಗೂ ಕೈ ತೆಗೆಯಬೇಡಿ. 'ಯೆಸ್' ಅನ್ನಿ. ಆಮೇಲೆ ಆ ಎಕ್ಸೆಲ್ ಒಳಗಿಂದಲೇ 'ಓಪನ್' ಕೊಟ್ಟು ಫೈಲ್ ತೆಗೆಯಿರಿ. ಒಂದು ಎಚ್ಚರಿಕೆ ಇದೆ. ಹೀಗೆ ಬೇರೆಯಾಗಿ ತೆರೆದ ಎರಡು ಎಕ್ಸೆಲ್ ನಡುವೆ ಕಾಪಿ ಪೇಸ್ಟ್ ಮಾಡಿದರೆ ಫಾರ್ಮುಲಾ ಬರುವುದಿಲ್ಲ, ಬರೀ ಉತ್ತರ ಬರುತ್ತದೆ. ಒಂದಕ್ಕೊಂದು ಲಿಂಕ್ ಇರುವ ಹಾಳೆಗಳಾದರೆ ಅವನ್ನು ಒಂದೇ ಡೆಸ್ಕ್‌ಟಾಪ್‌ನಲ್ಲಿ ಇಡಿ.

ಇಷ್ಟಾದರೂ ದಾರಿ ತಪ್ಪಿದ ವಿಂಡೋ ಇದ್ದರೆ, ವಿಂಡೋಸ್ ಟ್ಯಾಬ್ ಒತ್ತಿ ಅದರ ಚಿತ್ರವನ್ನು ಎಳೆದು ಸರಿಯಾದ ಡೆಸ್ಕ್‌ಟಾಪ್ ಮೇಲೆ ಬಿಡಿ. ಇದಕ್ಕೆ ವಿಂಡೋಸ್‌ನವರು ಒಂದು ಶಾರ್ಟ್‌ಕಟ್ ಕೀ ಕೂಡ ಕೊಟ್ಟಿಲ್ಲ, ಮೌಸೇ ಗತಿ. ಅಲ್ಲೇ ಬಲ ಕ್ಲಿಕ್ ಮಾಡಿದರೆ 'ಶೋ ದಿಸ್ ವಿಂಡೋ ಆನ್ ಆಲ್ ಡೆಸ್ಕ್‌ಟಾಪ್ಸ್' ಅಂತಲೂ ಇದೆ. ಅದು ಕ್ಯಾಲ್ಕುಲೇಟರ್‌ಗೆ ಸರಿ, ಹಾಡಿನ ಪ್ಲೇಯರ್‌ಗೂ ಸರಿ. ವಾಟ್ಸ್‌ಆ್ಯಪ್‌ಗೆ ಮಾತ್ರ ಖಂಡಿತ ಬೇಡ. ಅದನ್ನು ಎಲ್ಲ ಕಡೆ ಹೊತ್ತುಕೊಂಡು ಹೋಗುವುದಾದರೆ ಸುಮ್ನೆ ಇಷ್ಟೆಲ್ಲ ಒದ್ದಾಟ ಯಾಕೆ, ಅಲ್ವಾ?

ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮೀಟಿಂಗ್‌ನಲ್ಲಿ ಇಡೀ ಸ್ಕ್ರೀನ್ ಶೇರ್ ಮಾಡಿದ್ದರೆ, ನೀವು ಯಾವ ಡೆಸ್ಕ್‌ಟಾಪ್‌ಗೆ ಹೋದರೂ ಅದು ಅವರಿಗೂ ಕಾಣುತ್ತದೆ. ಅಪ್ಪನ ಅಡಿಕೆ ಲೆಕ್ಕ ಮ್ಯಾನೇಜರ್‌ಗೆ ತೋರಿಸುವುದು ಬೇಡವಾದರೆ ಒಂದು ವಿಂಡೋ ಮಾತ್ರ ಶೇರ್ ಮಾಡಿ.

ಕನ್ನಡ ಟೈಪ್ ಮಾಡುವವರಿಗೆ

ನುಡಿ ಬಳಸುವವರು ಸ್ಕ್ರಾಲ್ ಲಾಕ್ ಒತ್ತಿ ಕನ್ನಡಕ್ಕೆ ಬಂದರೆ, ಡೆಸ್ಕ್‌ಟಾಪ್ ಬದಲಿಸಿದ ಮೇಲೂ ಕನ್ನಡವೇ ಇರುತ್ತದೆ. ಲಗ್ನಪತ್ರಿಕೆಯಿಂದ ಅರ್ಜಿಗೆ ಹೋದವರು ಪಾಸ್‌ವರ್ಡ್ ತಪ್ಪು ತಪ್ಪು ಹೊಡೆದು ಅಕೌಂಟ್ ಲಾಕ್ ಮಾಡಿಕೊಳ್ಳುವುದು ಹೀಗೆ. ವಿಂಡೋಸ್‌ನ ಸ್ವಂತ ಕನ್ನಡ ಕೀಬೋರ್ಡ್ ಬಳಸುವುದಾದರೆ ಇದಕ್ಕೆ ಪರಿಹಾರ ಇದೆ. ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್, ಅದರೊಳಗೆ 'ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್' ತೆರೆದು, ಪ್ರತಿ ಆ್ಯಪ್ ವಿಂಡೋಗೂ ಬೇರೆ ಭಾಷೆ ಇಡುವ ಆಯ್ಕೆಗೆ ಟಿಕ್ ಹಾಕಿ. ಆಗ ವರ್ಡ್ ಕನ್ನಡದಲ್ಲಿರುತ್ತದೆ, ಬ್ರೌಸರ್ ಇಂಗ್ಲಿಷ್‌ನಲ್ಲಿರುತ್ತದೆ.

ಹಂತ 5: ಕರೆಂಟ್ ಹೋದರೆ?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯವರು ಮೊದಲು ಕೇಳುವುದೇ ಇದನ್ನು. ಕಂಪ್ಯೂಟರ್ ಮತ್ತೆ ಆನ್ ಮಾಡಿದರೆ ಡೆಸ್ಕ್‌ಟಾಪ್‌ಗಳು ಮತ್ತು ಅವುಗಳ ಹೆಸರು ಇರುತ್ತವೆ, ಒಳಗಿನ ವಿಂಡೋಗಳು ಇರುವುದಿಲ್ಲ. ತಾವಾಗಿ ತೆರೆದುಕೊಂಡ ಆ್ಯಪ್‌ಗಳೂ ಹಳೇ ಜಾಗಕ್ಕೇ ಬರುತ್ತವೆ ಅಂತ ನಂಬಬೇಡಿ.

ಮದ್ದು ಎರಡಿದೆ. ಮೊದಲನೆಯದು ಹೈಬರ್ನೇಟ್. ಶಟ್‌ಡೌನ್ ಬದಲು ಇದನ್ನು ಕೊಟ್ಟರೆ ತೆರೆದದ್ದೆಲ್ಲ ಹಾಗೇ ಡಿಸ್ಕ್‌ಗೆ ಸೇವ್ ಆಗುತ್ತದೆ. ಆಮೇಲೆ ಕರೆಂಟ್ ಇಡೀ ರಾತ್ರಿ ಇಲ್ಲದಿದ್ದರೂ ಬೆಳಗ್ಗೆ ಎಲ್ಲವೂ ಅದದೇ ಡೆಸ್ಕ್‌ಟಾಪ್‌ನಲ್ಲಿ ಸಿಗುತ್ತದೆ. ಸ್ಲೀಪ್ ಬೇರೆ, ಹೈಬರ್ನೇಟ್ ಬೇರೆ. ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಪೂರ್ತಿ ಹೋದರೆ ಸೇವ್ ಮಾಡದ ಕೆಲಸ ಹೋಗಬಹುದು. ಪವರ್ ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್'ಗೆ ಹೋಗಿ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಒತ್ತಿ. ಕೆಳಗೆ ಹೈಬರ್ನೇಟ್ ಮಸುಕಾಗಿ ಕಂಡರೆ ಮೇಲಿನ 'ಚೇಂಜ್ ಸೆಟ್ಟಿಂಗ್ಸ್' ಸಾಲನ್ನು ಮೊದಲು ಒತ್ತಬೇಕು, ಆಮೇಲೆ ಟಿಕ್ ಹಾಕಿ ಸೇವ್ ಮಾಡಿ. ಅದೇ ಪುಟದಲ್ಲಿ ಪವರ್ ಬಟನ್ ಒತ್ತಿದರೆ ಹೈಬರ್ನೇಟ್ ಆಗಲಿ ಅಂತಲೂ ಇಡಬಹುದು. ನನ್ನ ಪ್ರಕಾರ ಇಟ್ಟೇಬಿಡಿ. ಯುಪಿಎಸ್ ಕೂಗಲು ಶುರು ಮಾಡಿದಾಗ ಮೆನು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಾಗಂತ ತೀರಾ ಅಗ್ಗದ ಯುಪಿಎಸ್ ನಂಬಿ ಕೂರಬೇಡಿ. ಬೀಪ್ ಅಂದ ಮರುಕ್ಷಣವೇ ಕಣ್ಣು ಮುಚ್ಚುವ ಪೆಟ್ಟಿಗೆಗಳೂ ಇವೆ.

ಎರಡನೆಯದು, ಕೆಲಸಕ್ಕೊಂದು ಫೋಲ್ಡರ್. ಆ ಡೆಸ್ಕ್‌ಟಾಪ್‌ಗೆ ಬೇಕಾದ ಫೈಲ್‌ಗಳ ಶಾರ್ಟ್‌ಕಟ್ ಮಾತ್ರ ಅದರಲ್ಲಿ ಹಾಕಿ. ಮೊದಲು ಆ ಡೆಸ್ಕ್‌ಟಾಪ್‌ಗೆ ಹೋಗಿ, ಫೋಲ್ಡರ್ ತೆರೆದು, ಕಂಟ್ರೋಲ್ ಎ ಹೊಡೆದು ಎಂಟರ್ ಒತ್ತಿದರೆ ಎಲ್ಲ ಸಾಲಾಗಿ ತೆರೆಯುತ್ತವೆ.

ಡೆಸ್ಕ್‌ಟಾಪ್ ಬೇಡವಾದರೆ ಟಾಸ್ಕ್ ವ್ಯೂನಲ್ಲಿ ಅದರ ಮೂಲೆಯ ಗುಣಿಸು ಚಿಹ್ನೆ ಒತ್ತಿ. ಒಳಗಿನ ವಿಂಡೋಗಳು ಮುಚ್ಚುವುದಿಲ್ಲ, ಪಕ್ಕದ ಡೆಸ್ಕ್‌ಟಾಪ್‌ಗೆ ಹೋಗುತ್ತವೆ. ಹೆದರಬೇಕಿಲ್ಲ. "ಇದನ್ನೆಲ್ಲ ಮಾಡಿದರೆ ಕಂಪ್ಯೂಟರ್ ಸ್ಲೋ ಆಗಲ್ವಾ?" ಅಂತ ಕೇಳುತ್ತಾರೆ. ಡೆಸ್ಕ್‌ಟಾಪ್ ಜಾಸ್ತಿ ಮಾಡಿದ್ದರಿಂದ ಆಗುವುದಿಲ್ಲ, ತೆರೆದಿಟ್ಟ ಆ್ಯಪ್‌ಗಳಿಂದ ಆಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಎರಡೇ ಡೆಸ್ಕ್‌ಟಾಪ್ ಸಾಕು.

ಲಿನಕ್ಸ್ ಮಿಂಟ್ ಬಳಸುವವರಿಗೆ ಈ ಕೆಲಸ ಇನ್ನೂ ಸಲೀಸು. ಕಂಟ್ರೋಲ್, ಆಲ್ಟ್ ಜೊತೆ ಎಡ ಬಲ ಬಾಣ ಒತ್ತಿದರೆ ಓಡಾಟ, ಅದಕ್ಕೆ ಶಿಫ್ಟ್ ಸೇರಿಸಿದರೆ ವಿಂಡೋ ಕೂಡ ಜೊತೆಗೆ ಬರುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಜೊತೆ ಮೇಲಿನ ಬಾಣ ಒತ್ತಿದರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಆದರೆ ಡೆಸ್ಕ್‌ಟಾಪ್‌ಗಳ ಸಾಲನ್ನು ಅದು ತನ್ನಷ್ಟಕ್ಕೆ ಹಿಂದುಮುಂದು ಮಾಡುತ್ತಿರುತ್ತದೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಮಿಷನ್ ಕಂಟ್ರೋಲ್ ಭಾಗಕ್ಕೆ ಹೋಗಿ, 'ಆಟೊಮ್ಯಾಟಿಕಲಿ ರೀಅರೇಂಜ್ ಸ್ಪೇಸಸ್' ಅಂತ ಶುರುವಾಗುವ ಆಯ್ಕೆಯನ್ನು ಮೊದಲ ದಿನವೇ ಆಫ್ ಮಾಡಿ.